ಮೆಟ್ಟು ಬಿಟ್ಟು ಹತ್ರಿ

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ಗಾಡಿದಾರಿಯ ಬಲಕ್ಕೆ ಗೂಳಿಗುಡ್ಡ. ಗುಡ್ಡದ ಬೆನ್ನೆಲ್ಲ ಕರಿಕಲ್ಲು, ಕಲ್ಲಿನ ಮೈತುಂಬ ಕುಟ್ಟಿ ಮೂಡಿಸಿದ ಚಿತ್ರಗಳು. ಕೊಂಬು ಬಾಗಿದ ಗೂಳಿಗಳು, ಕೈಕೈ ಹಿಡಿದು ಕುಣಿಯುವ ಮಂದಿ, ಹೆಸರಿಲ್ಲದ ಹಕ್ಕಿಗಳು. ದೇವರು ಈ ಜಗತ್ತನ್ನು ಮಾಡುವ ಮುಂಚೆ ಒಮ್ಮೆ ಬರೆದು ನೋಡಿದ್ದು ಇಲ್ಲೇ ಎಂದು ಊರಿನ ಹಿರಿಯರು ಹೇಳುತ್ತಿದ್ದರು.

ಮದರಾಸು ಸರ್ಕಾರದ ಕಾಲ. ಬಳ್ಳಾರಿಗೆ ರೈಲು ಬಂದ ಮೇಲೆ ಗುಡ್ಡ ನೋಡಲು ಪರಸ್ಥಳದವರೂ ಬರತೊಡಗಿದ್ದರು. ಬಂದವರು ತಾವಾಗಿ ಹತ್ತುವಂತಿರಲಿಲ್ಲ. ಹೈದರಸಾಬ ಮುಂದೆ, ಅವರು ಹಿಂದೆ. ಚಿತ್ರದ ಕಲ್ಲನ್ನು ತುಳಿಯದೆ ಪಕ್ಕದಲ್ಲಿ ಕಡಿದ ಪಾವಟಿಗೆಗಳ ಮೇಲೇ ನಡೆಯಬೇಕು. ಸುಣ್ಣ, ಇದ್ದಿಲು ಹಚ್ಚಿ ಚಿತ್ರ ತಿದ್ದಬಾರದು. ಎಲ್ಲಕ್ಕೂ ಮೊದಲು, ಕಾಲಿನ ಮೆಟ್ಟು ಕೆಳಗೆ ಹುಣಸೆಮರದ ಬುಡದಲ್ಲಿ ಬಿಡಬೇಕು. ಈ ಕಟ್ಟಳೆ ಹೇಳುವ ಬಾಯಿ ಹೈದರಸಾಬನದು. ಗುಡ್ಡದ ಬುಡದ ದರ್ಗಾಕ್ಕೆ ದೀಪ ಹಚ್ಚುವ ಮನೆತನದವನೆಂದು ಊರಗೌಡ ಜಂಬಣ್ಣನೇ ಅವನಿಗೆ ಆ ಕೆಲಸ ಒಪ್ಪಿಸಿದ್ದ.

ಹೈದರಸಾಬನಿಗೆ ತನ್ನ ತೆಲುಗಿನ ಮೇಲೆ ಬಹಳ ಹೆಮ್ಮೆ. ಹುಣಸೆಮರದಡಿ ಬಂದವರಿಗೆ ನೀರು ಕೊಡುವ ಹೊನ್ನೂರಮ್ಮ ಆಲೂರಿನ ಮಗಳು, ತೆಲುಗಿನಲ್ಲೇ ಹುಟ್ಟಿ ಬೆಳೆದವಳು. ಅವಳು ಛೇಡಿಸದ ದಿನವಿಲ್ಲ.

“ಸಾಬ, ನಿನ್ನ ತೆಲುಗು ಕೇಳಿದ್ರ ನಮ್ಮಪ್ಪನ ಎಮ್ಮಿ ಹಗ್ಗ ಹರಕೊಂಡು ಓಡತಾವ ನೋಡು.”

“ನೀ ಸುಮ್ನಿರಬೇ ಯವ್ವಾ. ಬಳ್ಳಾರಿ ದಂಡಿನ ಪ್ಯಾಟ್ಯಾಗ ಜಟಕಾ ಹೊಡದ ನಾಲಿಗಿ ಇದು.”

ಒಂದು ದಿನ ಬಳ್ಳಾರಿಯಿಂದ ಬಟ್ಟೆ ವ್ಯಾಪಾರದ ನಾಯುಡು ಗಾಡಿಯಲ್ಲಿ ಬಂದಿಳಿದ, ಜೊತೆಗೆ ಮುದಿ ತಾಯಿ ವೀರಭದ್ರಮ್ಮ. ಕನ್ನಡ ಇಬ್ಬರಿಗೂ ಬಾರದು. ಹೈದರಸಾಬನ ಎದೆ ಉಬ್ಬಿತು. ದಿನವೂ ಹೇಳುವ “ಮೆಟ್ಟು ಬಿಟ್ಟು ಹತ್ರಿ” ಎಂಬುದನ್ನೇ ತೆಲುಗಿಗೆ ತಿರುಗಿಸಿ, ರಾಗವಾಗಿ ಹೇಳಿದ: “ಮೆಟ್ಟು ವಿಡಿಚಿ ಎಕ್ಕಂಡಿ!”

ಹೇಳಿ ಮುಂದೆ ನಡೆದ. ಗೂಳಿಗೆ ತೆಲುಗಿನಲ್ಲಿ ಎಂಥ ವರ್ಣನೆ ಮಾಡಲಿ ಎಂದು ಮಾತು ಜೋಡಿಸುತ್ತ, ಹಿಂದೆ ತಿರುಗಿಯೂ ನೋಡಲಿಲ್ಲ.

ಅರ್ಧ ಹತ್ತಿದಾಗ ಕರ್ ಕರ್ ಎಂದು ಸದ್ದಾಯಿತು. ತಿರುಗಿದರೆ, ನಾಯುಡು ತಾಯಿಯ ಕೈ ಹಿಡಿದು ಪಾವಟಿಗೆ ಬಿಟ್ಟು ಚಿತ್ರದ ಕಲ್ಲಿನ ಮೇಲೆಯೇ ಬರುತ್ತಿದ್ದಾನೆ. ಕಾಲಲ್ಲಿ ಕಬ್ಬಿಣದ ಲಾಳ ಬಡಿದ ಜೋಡು. ದೊಡ್ಡ ಗೂಳಿಯ ಬೆನ್ನ ಮೇಲೆ ಬಿಳೀ ಗೀರುಗಳು ಎದ್ದಿವೆ.

“ಕಣ್ಣು ಕಾಣಂಗಿಲ್ಲೇನ್ರಿ ನಿಮಗ? ಮನಿಯಾಗ ದೇವರ ಮ್ಯಾಲೂ ಹಿಂಗಾ ಜೋಡು ಹಾಕ್ಕೊಂಡು ಅಡ್ಡಾಡ್ತೀರೇನು?” ಹೈದರಸಾಬ ಕೂಗಾಡಿದ. ಕೂಗು ಕೇಳಿ ಹೊಲದಲ್ಲಿದ್ದ ಜಂಬಣ್ಣ ಓಡಿ ಬಂದ. ನೀರಿನ ಕೊಡದ ಸಮೇತ ಹೊನ್ನೂರಮ್ಮನೂ ಬಂದಳು.

ನಾಯುಡು ತಬ್ಬಿಬ್ಬಾಗಿ ಕೈಮುಗಿದ. “ಮೀರೇ ಮೆಟ್ಲು ವಿಡಿಚಿ ಎಕ್ಕಮನ್ನಾರು ಕದಂಡಿ?”

ನೀವೇ ಅಲ್ಲವೇ ಮೆಟ್ಟಿಲು ಬಿಟ್ಟು ಹತ್ತಿ ಅಂದದ್ದು, ಎಂದು ಅವನ ಪ್ರಶ್ನೆ.

ಹೈದರಸಾಬನ ಕಿವಿ ಬಿಸಿಯಾದವು. ನಮ್ಮಲ್ಲಿ ಮೆಟ್ಟು ಅಂದರೆ ಕಾಲಿನ ಕೆರ, ತೆಲುಗಿನಲ್ಲಿ ಹತ್ತುವ ಪಾವಟಿಗೆ. ಪಾವಟಿಗೆ ಪವಿತ್ರ, ತುಳಿಯಬಾರದು ಎಂದುಕೊಂಡು, ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸಿದ್ದರು ತಾಯಿಮಗ, ಪಾಪ.

“ಏನಂತಾನಲೇ?” ಎಂದ ಜಂಬಣ್ಣ. ಅವನಿಗೆ ತೆಲುಗು ಬಾರದು.

ಒಂದು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಹೈದರಸಾಬನ ನಾಲಿಗೆ ಹೊರಳಿತು. “ತಪ್ಪಾತು ಅಂತಾನ್ರಿ ಗೌಡ್ರ.”

“ಹಂಗಾರ ತಪ್ಪು ಕಟ್ಟಲಿ. ಬರಿಗಾಲಿಲೆ ನೀರು ಹೊತ್ತು ಕಲ್ಲು ತೊಳೀಲಿ.” ಜಂಬಣ್ಣ ಜೋಡು, ಕೊಡ, ಗೀರು ಒಂದೊಂದನ್ನೇ ಬೊಟ್ಟು ಮಾಡಿ ನಾಯುಡುವಿಗೆ ತೋರಿಸಿದ.

ಹೊನ್ನೂರಮ್ಮ ಹೈದರಸಾಬನ ಮುಖವನ್ನೇ ನೋಡಿದಳು. ನಾಯುಡು ಅಂದದ್ದೇನೆಂದು ಅವಳಿಗೆ ತಿಳಿದಿತ್ತು. ಕೊಡವನ್ನು ನಾಯುಡುವಿಗೆ ಕೊಟ್ಟು ಕೆಳಗಿಳಿದಳು.

ನಡುಮಧ್ಯಾಹ್ನ. ಕಲ್ಲು ಕಾದ ಹಂಚಿನಂತಿತ್ತು. ನಾಯುಡು ನೀರು ಹೊತ್ತ. ಮುದುಕಿಯೂ ಮಗನೊಬ್ಬನನ್ನೇ ಬಿಡಲೊಲ್ಲದೆ ಬರಿಗಾಲಲ್ಲಿ ಕೂತು, ಸೆರಗು ಒದ್ದೆ ಮಾಡಿ ಗೂಳಿಯ ಬೆನ್ನು ಒರೆಸುತ್ತ, ಕೂಸಿಗೆ ಪೆಟ್ಟಾದರೆ ಸಂತೈಸುವ ಹಾಗೆ ಏನೇನೋ ಪಿಸುಗುಟ್ಟುತ್ತಿದ್ದಳು. ಗೀರು ಅಳಿಯಲಿಲ್ಲ.

ನಮಾಜಿನ ಹೊತ್ತಾಗಿತ್ತು. ಹೈದರಸಾಬ ಕೆಳಗಿಳಿದು, ನಮಾಜಿಗೆ ಮುಂಚೆ ಕೈ ಬಾಯಿ ಕಾಲು ತೊಳೆಯುವ ವಜೂ ಮಾಡಲು ಬೊಗಸೆಯೊಡ್ಡಿದ. ಹೊನ್ನೂರಮ್ಮ ನೀರು ಹೊಯ್ದಳು. ಛೇಡಿಸಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

“ಬಾಯಿ ತೊಳಕೊ, ಸಾಬ,” ಅಂದಳು. “ಚಲೋತ್ನಂಗ ತೊಳಕೊ.”

ನೀರು ಬಾಯಲ್ಲೇ ನಿಂತಿತು. ನುಂಗಲೂ ಆಗದು, ಉಗುಳಲೂ ಆಗದು. ಈ ಬಾಯಿಂದ ಮೇಲಿನ ಆ ಮಾಲಿಕನ ಹೆಸರು ಹೇಗೆ ತೆಗೆಯಲಿ? ಉಗುಳಿ, ಮೆಟ್ಟು ಅಲ್ಲೇ ಬಿಟ್ಟು, ಪಾವಟಿಗೆ ಹತ್ತಿ ಓಡಿದ.

“ಗೌಡ್ರ, ಅವರ್ದು ತಪ್ಪಿಲ್ರಿ. ನಾ ಹೇಳಿದಂಗ ಮಾಡ್ಯಾರ. ನನ್ನ ತೆಲುಗು ತಪ್ಪಿತ್ತು. ಆಮ್ಯಾಲೆ ನಿಮಗೂ ಸುಳ್ಳ ಹೇಳಿದೆ.”

ಜಂಬಣ್ಣ ನಾಯುಡುವಿನ ಕೈಯಿಂದ ಕೊಡ ಇಸಿದುಕೊಂಡು ಕೆಳಗಿಟ್ಟ. ಹೈದರಸಾಬ ಮುದುಕಿಯ ಮುಂದೆ ಕುಸಿದು ಕೂತ. ಕ್ಷಮಿಸು ಎನ್ನಲು ತೆಲುಗಿನ ಒಂದು ಪದವೂ ಬಾಯಿಗೆ ಬರಲಿಲ್ಲ. ಅವಳ ಅಂಗಾಲುಗಳು ಬೊಬ್ಬೆಯೆದ್ದು ಕೆಂಪಾಗಿದ್ದವು. ಅವನ್ನು ಮುಟ್ಟಿದ.

ವೀರಭದ್ರಮ್ಮ ಅವನ ಬರಿಗಾಲು ನೋಡಿದಳು. “ನೀ ಕಾಳ್ಳು ಕಾಲುತಾಯಿ ನಾಯನಾ,” ಎಂದು ಒದ್ದೆ ಸೆರಗನ್ನು ಅವನ ಕಾಲ ಕೆಳಗೆ ಸರಿಸಿದಳು. ನಿನ್ನ ಕಾಲು ಸುಡುತ್ತಾವಪ್ಪಾ ಎಂದು. ಹೈದರಸಾಬ ಕಾಲು ಹಿಂದಕ್ಕೆ ಎಳೆದುಕೊಂಡು, ಸುಡುವ ಕಲ್ಲಿನ ಮೇಲೇ ಇಟ್ಟ.

“ಎದ್ದೇಳು,” ಎಂದ ಜಂಬಣ್ಣ ಕೊನೆಗೆ. “ನಾಳಿಂದನೂ ನೀನಾ ಮುಂದ ನಡಿ. ಆದ್ರ ಆ ಗೀರು ಏನಂತ ಕೇಳಿದವ್ರಿಗೆ ನೀನಾ ಹೇಳಬೇಕು.”

ಕೆಲಸ ಕಸಿದಿದ್ದರೆ ಹಗುರಾಗುತ್ತಿತ್ತೇನೋ.

ಅಂದಿನಿಂದ ಹೈದರಸಾಬ ಮೆಟ್ಟಿನ ಕಟ್ಟಳೆಯನ್ನು ಯಾವ ಭಾಷೆಯಲ್ಲೂ ಹೇಳಲಿಲ್ಲ. ಹುಣಸೆಮರದಡಿ ತಾನೇ ಮೊದಲು ಮೆಟ್ಟು ಕಳಚಿ, ಬಂದವರ ಕಾಲಿನತ್ತ ನೋಡಿ ಸುಮ್ಮನೆ ನಿಲ್ಲುತ್ತಿದ್ದ. ಎಲ್ಲರೂ ಬಿಚ್ಚಿದ ಮೇಲೆಯೇ ಪಾವಟಿಗೆ ಹತ್ತುತ್ತಿದ್ದ. ನಡುನಡುವೆ ಹಿಂದೆ ತಿರುಗಿ ನೋಡುತ್ತಿದ್ದ.

ದೊಡ್ಡ ಗೂಳಿಯ ಹತ್ತಿರ ಬಂದಾಗ ಯಾರಾದರೊಬ್ಬರು ಕೇಳದೆ ಬಿಡುತ್ತಿರಲಿಲ್ಲ. “ಬೆನ್ನಿನ ಮ್ಯಾಲಿಂದು ಏನ್ರಿ ಸಾಬ್ರ? ಅದೂ ಹಿಂದಿನವರು ಬರದದ್ದೇನು?”

“ಅಲ್ರಿ,” ಎನ್ನುತ್ತಿದ್ದ ತಲೆ ತಗ್ಗಿಸಿ. “ಅದು ನನ್ನ ನಾಲಿಗಿ ಬರದದ್ದು.”