ಜಗಳದ ತಾಲೀಮು

ಭಾನುವಾರ ಸಂಜೆ ಗ್ಲೆನಿಸ್ ಇಸ್ತ್ರಿ ಮಾಡುವಳು, ಮಗಳು ಟೀಗನ್ ಸೋಫಾದಲ್ಲಿ ಕಾಲು ಚಾಚಿಕೊಂಡು ಸಿನಿಮಾ ಹಾಕುವಳು. ವರ್ಷಗಳಿಂದ ನಡೆದುಬಂದ ಕ್ರಮ. ಸಿನಿಮಾಗಳ ಹೆಸರು ಬೇರೆ ಬೇರೆ, ಕಥೆ ಮಾತ್ರ ಒಂದೇ. ನಾಯಕ ನಾಯಕಿ ಮೊದಲ ಭೇಟಿಯಲ್ಲೇ ಹಾವು ಮುಂಗುಸಿಯಂತೆ ಕಾದಾಡುತ್ತಾರೆ. ಗಂಡಸರ ಹಣೆಬರಹವೇ ಇಷ್ಟು ಎಂದು ಅವಳು, ಹೆಂಗಸರ ಬುದ್ಧಿಯೇ ಅಷ್ಟು ಎಂದು ಅವನು. ಒಬ್ಬರಿಗೊಬ್ಬರು ಹಳ್ಳ ತೋಡಿ ತಾವೇ ಬೀಳುತ್ತಾರೆ. ಕಡೆಗೆ ಅವಳು ಸಿಟ್ಟಾಗಿ ಹೊರಟುಹೋಗುತ್ತಾಳೆ, ಅವನು ಮಳೆಯಲ್ಲಿ ಓಡಿ ಬರುತ್ತಾನೆ. ಅಷ್ಟು ಹೊತ್ತಿಗೆ ಗ್ಲೆನಿಸ್ ಗಂಡನ ಅಂಗಿಯ ಕಾಲರಿಗೆ ಬಂದಿರುತ್ತಿದ್ದಳು, ಅಳುತ್ತಲೂ ಇರುತ್ತಿದ್ದಳು.

ತನಗೆ ಅದು ಬಿಟ್ಟಿ ಸಿಕ್ಕ ಸುಖ. ಮಗಳು ಅದನ್ನೇ ಪಾಠವೆಂದು ಕಲಿಯುತ್ತಿದ್ದಾಳೆ ಎಂದು ಅವಳಿಗೆ ತಿಳಿದದ್ದು ಹ್ಯಾಮಿಶ್ ಬಂದಮೇಲೆ.

ಟೀಗನ್‌ಳ ಗೆಳೆಯ ಹ್ಯಾಮಿಶ್ ನ್ಯೂಜಿಲೆಂಡಿನವನು. ಇವರ ಊರಾದ ವೂರಾಬಾದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ನೀರು ಕಂಡರೆ ಹೆದರಿ ಅಂಚಿನಲ್ಲೇ ಕೂರುವ ಮಕ್ಕಳನ್ನು ಅವನು ಎಂದೂ ಎಳೆದವನಲ್ಲ. ನೀರಲ್ಲಿ ನಿಂತು ಕೈ ಚಾಚಿಕೊಂಡು ಕಾಯುತ್ತಿದ್ದ, ಬೆರಳ ತುದಿ ಸುಕ್ಕುಗಟ್ಟುವವರೆಗೂ. ಮನೆಗೆ ಬಂದರೆ ಯಾರೂ ಹೇಳದೆಯೇ ಕಸದ ಡಬ್ಬಿ ರಸ್ತೆಗೆ ಇಟ್ಟು ಬರುತ್ತಿದ್ದ. ಗ್ಲೆನಿಸ್‌ಗೆ ಅಷ್ಟು ಸಾಕಾಗಿತ್ತು.

ಟೀಗನ್‌ಗೆ ಸಾಕಾಗಿರಲಿಲ್ಲ. ಅವನಿಗಿಂತ ಮುಂಚೆ ಅವಳು ಫೋನಿನಲ್ಲಿ ಹುಡುಕಿ ಭೇಟಿಯಾದ ಹುಡುಗರಲ್ಲಿ ಒಬ್ಬ ಕಾಫಿ ಆರುವ ಮೊದಲೇ ಎದ್ದು ಹೋಗಿದ್ದ, ಇನ್ನೊಬ್ಬ ತಿಂಗಳುಗಟ್ಟಲೆ ತಿರುಗಾಡಿಸಿ ಕರ್ಪೂರದಂತೆ ಕರಗಿಹೋಗಿದ್ದ. ಹಾಗಾಗಿ ಗೆಳತಿಯರ ಗುಂಪು ಫೋನಿನಲ್ಲೇ ಸೇರಿ ಕಾನೂನುಗಳನ್ನು ಮಾಡಿಕೊಂಡಿತ್ತು. ಸಂದೇಶ ಬಂದ ಕೂಡಲೇ ಉತ್ತರಿಸಬಾರದು. ಕೂಡಲೇ ಉತ್ತರಿಸುವ ಗಂಡಸನ್ನು ನಂಬಲೇಬಾರದು. ಹ್ಯಾಮಿಶ್ ಕೂಡಲೇ ಉತ್ತರಿಸುತ್ತಿದ್ದ.

ಒಂದು ಭಾನುವಾರ ಅವಳು ಪರದೆಯಿಂದ ಕಣ್ಣು ತೆಗೆಯದೆ, "ಹ್ಯಾಮಿಶ್‌ನ ಬಿಟ್ಟುಬಿಡ್ತೀನಮ್ಮ" ಎಂದಳು.

"ಏನ್ ಮಾಡ್ದ ಅವನು?"

"ಏನೂ ಮಾಡಲ್ಲ. ಅದೇ ತೊಂದರೆ. ನಾನು ಏನಂದ್ರೂ ಸರಿ ಅಂತಾನೆ. ಒಂದ್ ದಿನ ಜಗಳ ಆಡಿಲ್ಲ. ಕಿಡೀನೇ ಇಲ್ಲ ಕಣಮ್ಮ."

ಬರುವ ಶನಿವಾರ ಕ್ಲಬ್ಬಿನಲ್ಲಿ ಬೌಲ್ಸ್ ಚೆಂಡಾಟದ ಪಂದ್ಯ ಮುಗಿದ ಮೇಲೆ ಹೇಳಿಬಿಡುತ್ತೇನೆ ಎಂದಳು. ಇಸ್ತ್ರಿ ಪೆಟ್ಟಿಗೆ ಅಂಗಿಯ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು. ಕರಗಿಹೋಗುವವರ ನಡುವೆ ಕಸದ ಡಬ್ಬಿ ಎತ್ತುವವನೊಬ್ಬ ಸಿಕ್ಕಿದ್ದ. ಅವನ ಕೈಯನ್ನು ಸಿನಿಮಾದವರು ಬಿಡಿಸುತ್ತಿದ್ದರು.

ಮರುದಿನವೇ ಗ್ಲೆನಿಸ್ ಹಿತ್ತಲ ಬಟ್ಟೆತಂತಿ ಸಡಿಲವಾಗಿದೆ ಎಂದು ಹೇಳಿ ಹ್ಯಾಮಿಶ್‌ನನ್ನು ಕರೆಸಿದಳು. ಚೆನ್ನಾಗಿದ್ದ ತಂತಿಯನ್ನು ಅವನು ಪಾಪ ಬಿಚ್ಚಿ ಮತ್ತೆ ಬಿಗಿದ. ಆಮೇಲೆ ಅವಳು ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ಟೀಗನ್ ಬಿಡುವ ಯೋಚನೆಯಲ್ಲಿದ್ದಾಳೆಂದು ಮಾತ್ರ ಹೇಳದೆ, ಉಳಿದದ್ದೆಲ್ಲ ಹೇಳಿದಳು. ಅವಳಿಗೆ ಎದುರು ಮಾತಾಡುವವನು ಇಷ್ಟ. ಸ್ವಲ್ಪ ಜಗಳ ಕಲಿಯಬೇಕು.

"ಯಾವ ವಿಷಯಕ್ಕೆ?" ಎಂದ ಹ್ಯಾಮಿಶ್, ಈಜಿನ ಸಮಯ ಕೇಳುವವನಂತೆ.

ಗ್ಲೆನಿಸ್ ಯೋಚಿಸಿ ಪಾವ್ಲೋವಾ ಆರಿಸಿದಳು. ಮೊಟ್ಟೆಯ ಬಿಳಿಯಿಂದ ಮಾಡುವ ಆ ಸಿಹಿಯನ್ನು ಮೊದಲು ಮಾಡಿದವರು ತಾವೇ ಎಂದು ಅವನ ದೇಶದವರೂ ಇವರ ದೇಶದವರೂ ಪಟ್ಟು ಬಿಡುವುದಿಲ್ಲ. ನ್ಯೂಜಿಲೆಂಡಿನವನಿಗೆ ಇದಕ್ಕಿಂತ ಸುಲಭದ ಜಗಳ ಎಲ್ಲಿ ಸಿಗಬೇಕು. ಮೇಜು ಗುದ್ದಿ ಹೇಳಬೇಕು ಎಂದಳು. ಅವನು ಗುದ್ದಿದ. ಸಕ್ಕರೆ ಡಬ್ಬಿ ಉರುಳಿತು. ಅವನು ಕ್ಷಮೆ ಕೇಳಿ ಬಟ್ಟೆ ಹುಡುಕಿ ಒರೆಸತೊಡಗಿದ.

ಗ್ಯಾರೇಜಿನಿಂದ ಬಂದ ಗಂಡ ನೆವಿಲ್ ಬಾಗಿಲಲ್ಲಿ ನಿಂತು ನೋಡಿ, ಇದನ್ನೆಲ್ಲ ಕಲಿಸಬೇಕೇ, ತನ್ನನ್ನು ಕೇಳಿದ್ದರೆ ತಾನೇ ತೋರಿಸುತ್ತಿದ್ದೆನಲ್ಲ ಎಂದ. "ನೀನು ಜಗಳ ಶುರುವಾದ್ರೆ ಗ್ಯಾರೇಜಿಗೆ ಹೋಗ್ತೀಯ" ಎಂದಳು ಗ್ಲೆನಿಸ್. ಅವನು ಗ್ಯಾರೇಜಿಗೆ ಹೋದ.

ಶನಿವಾರ ಬಂತು. ಊರಿನ ಕ್ಲಬ್ಬಿನಲ್ಲಿ ಗಂಡಸರಿಗೂ ಹೆಂಗಸರಿಗೂ ವರ್ಷಕ್ಕೊಮ್ಮೆ ನಡೆಯುವ ಬೌಲ್ಸ್ ಪಂದ್ಯ. ನುಣ್ಣನೆ ಕತ್ತರಿಸಿದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಕರಿ ಚೆಂಡುಗಳನ್ನು ಉರುಳಿಸಬೇಕು, ಪುಟ್ಟ ಬಿಳಿ ಚೆಂಡಿಗೆ ಯಾರದು ಹತ್ತಿರ ನಿಲ್ಲುತ್ತದೋ ಅವರು ಗೆದ್ದಂತೆ. ಸೋತವರು ಊಟದ ಪಾತ್ರೆಯನ್ನೆಲ್ಲ ತೊಳೆಯಬೇಕು. ಎರಡು ವರ್ಷದಿಂದ ಗಂಡಸರೇ ತೊಳೆಯುತ್ತಿದ್ದರು, ಅದೂ ಕೆಟ್ಟದಾಗಿ. ಅಳತೆ ಪಟ್ಟಿಯನ್ನು ಹ್ಯಾಮಿಶ್‌ನ ಕೈಗೆ ಕೊಟ್ಟಿದ್ದರು. ಗಂಡಸಾದರೂ ಪರದೇಶದವನು, ಯಾವ ಕಡೆಗೂ ಸೇರಿದವನಲ್ಲ ಎಂಬ ಲೆಕ್ಕ.

ಊಟದ ಹೊತ್ತಿಗೆ ಅವನು ತಟ್ಟೆ ಹಿಡಿದು ಟೀಗನ್ ಮುಂದೆ ನಿಂತ. ಕಿವಿ ಕೆಂಪಾಗಿತ್ತು.

"ಪಾವ್ಲೋವಾ ನಮ್ಮದು. ನಿಮ್ಮವರು ಕದ್ದಿದ್ದು" ಎಂದ. ಒಂದು ಚಮಚ ಬಾಯಿಗಿಟ್ಟು, "ಆದ್ರೆ ಇದು ತುಂಬ ಚೆನ್ನಾಗಿದೆ. ನೀನೇ ಮಾಡಿದ್ದಾ?" ಎಂದ.

ಟೀಗನ್ ಅವನ ಹಣೆ ಮುಟ್ಟಿ ನೋಡಿ, ಬಿಸಿಲು ಹತ್ತಿರಬೇಕು, ಟೋಪಿ ಹಾಕಿಕೋ ಎಂದಳು. ಅವನು ಸರಿ ಎಂದು ಟೋಪಿ ಹಾಕಿಕೊಂಡ. ಪಕ್ಕದ ಮೇಜಿನಲ್ಲಿದ್ದ ಗ್ಲೆನಿಸ್ ತಟ್ಟೆಯನ್ನು ಆಚೆಗೆ ಸರಿಸಿದಳು.

ಕೊನೆಯ ಸುತ್ತಿಗೆ ಎರಡೂ ಕಡೆ ಸಮಸಮ ಬಂದು ನಿಂತಿತು. ನೆವಿಲ್‌ನ ಚೆಂಡು ಬಿಳಿ ಚೆಂಡಿಗೆ ಒತ್ತಿಕೊಂಡಂತೆ ಕೂತಿತ್ತು. ಟೀಗನ್ ಕೊನೆಯ ಚೆಂಡು ಉರುಳಿಸಿದಳು. ಅದು ಬಳುಕಿ ಬಂದು ಇನ್ನೊಂದು ಬದಿಯಲ್ಲಿ ಅಷ್ಟೇ ಒತ್ತಾಗಿ ನಿಂತಿತು. ಹೆಂಗಸರು ಆಗಲೇ ಚಪ್ಪಾಳೆ ಹೊಡೆದರು. ಹ್ಯಾಮಿಶ್ ಮಂಡಿಯೂರಿ ಅಳೆದ. ಮತ್ತೊಮ್ಮೆ ಅಳೆದ.

"ನೆವಿಲ್ ಅವರದ್ದು" ಎಂದ. "ಒಂದು ಕೂದಲಷ್ಟು."

"ಸರಿಯಾಗಿ ನೋಡು" ಎಂದಳು ಟೀಗನ್.

"ನೋಡ್ದೆ."

"ನಂದು ಹತ್ತಿರ ಇರೋದು ಎಲ್ರಿಗೂ ಕಾಣ್ತಿದೆ."

"ಕಾಣ್ತಿದೆ. ಆದ್ರೆ ಇಲ್ಲ."

ಅವಳು ನಕ್ಕು, ಇಷ್ಟಕ್ಕೆಲ್ಲ ಯಾಕೆ, ಸರಿ ಅಂದುಬಿಡು ಎಂದಳು. ಇಡೀ ಮಹಿಳಾ ಪಂಗಡ ಸೊಂಟಕ್ಕೆ ಕೈ ಕೊಟ್ಟು ಕಾದಿತ್ತು. ಗ್ಲೆನಿಸ್ ಕೂಡ ಮನಸ್ಸಿನಲ್ಲೇ, ಅಂದುಬಿಡಪ್ಪ, ಎಂದುಕೊಂಡಳು.

"ಅನ್ನಲ್ಲ" ಎಂದ ಹ್ಯಾಮಿಶ್. ಧ್ವನಿ ಏರಿರಲಿಲ್ಲ. "ಊಟ ಎಲ್ಲಿ, ಸಿನಿಮಾ ಯಾವ್ದು ಅಂದ್ರೆ ನಂಗೆ ಎರಡೂ ಒಂದೇ. ಅದಕ್ಕೇ ಸರಿ ಅಂತೀನಿ. ಇದು ಹಾಗಲ್ಲ, ಟೀಗನ್. ಅಳೆದಿದ್ದು ನಾನು."

ಟೀಗನ್‌ಳ ಮುಖ ಸುಣ್ಣವಾಯಿತು, ಆಮೇಲೆ ಕೆಂಡವಾಯಿತು. ಯಾವುದೋ ದೇಶದಿಂದ ಬಂದು ಹುಲ್ಲಿನ ಮೇಲೆ ನ್ಯಾಯ ಹೇಳುವವನು, ಅಳತೆಪಟ್ಟಿಗೆ ಹುಟ್ಟಿದವನು, ಹೀಗೆ ಬಾಯಿಗೆ ಬಂದದ್ದೆಲ್ಲ ಅಂದು ಅವಳು ತಿರುಗಿ ನಡೆದಳು. ತಲೆ ಎತ್ತಿ, ಕೂದಲು ಹಾರಿಸಿ, ಹಿಂದಿರುಗಿ ನೋಡದೆ, ಭಾನುವಾರಗಳಲ್ಲಿ ಕಲಿತ ಹಾಗೆಯೇ. ಆದರೆ ಸಿನಿಮಾದ ನಾಯಕಿಯರ ಕಾಲಲ್ಲಿ ಚಪ್ಪಲಿ ಇರುತ್ತದೆ. ಟೀಗನ್ ಕಾರು ನಿಲ್ಲಿಸಿದ್ದ ಕಡೆಗೆ ಅಡ್ಡದಾರಿ ಹಿಡಿದು, ಬೇಲಿಯಾಚೆಯ ಕಾಡು ಹುಲ್ಲಿಗೆ ಇಳಿದಳು. ಬೇಸಿಗೆ ಕಾಲಿಡುವ ಹೊತ್ತಿಗೆ ಅಲ್ಲೆಲ್ಲ ಬಿಂಡಿ ಮುಳ್ಳು, ನಮ್ಮ ನೆಗ್ಗಿಲಿನ ತಂಗಿಯಂಥದು. ಈ ಊರಲ್ಲಿ ಹುಟ್ಟಿದವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಸಿಟ್ಟಿಗೆ ನೆನಪಾಗಲಿಲ್ಲ ಅಷ್ಟೇ.

ನಡುವೆ ಹೋಗಿ ಅವಳು ನಿಂತುಬಿಟ್ಟಳು. ಒಂದು ಕಾಲು ಮೇಲೆ. ಮುಂದೆಯೂ ಮುಳ್ಳು, ಹಿಂದೆಯೂ ಮುಳ್ಳು. ಇಡೀ ಕ್ಲಬ್ಬು ಚಹಾದ ಲೋಟ ಹಿಡಿದು ಬೇಲಿಗೆ ಒರಗಿ ನೋಡಿತು.

ಹ್ಯಾಮಿಶ್ ಓಡಲಿಲ್ಲ. ಬೆಂಚಿನ ಕೆಳಗೆ ಬಾಗಿ ಅವಳ ಚಪ್ಪಲಿ ಹುಡುಕಿದ, ತನ್ನವನ್ನು ಮೆಟ್ಟಿಕೊಂಡ, ನಡೆದು ಹೋದ. ಈಗ ಹೊತ್ತುಕೊಂಡು ಬರುತ್ತಾನೆ ಎಂದು ಯಾರೋ ಪಿಸುಗುಟ್ಟಿದರು. ಅವನು ಹೊತ್ತುಕೊಳ್ಳಲೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಚಪ್ಪಲಿಗಳನ್ನು ಅವಳ ಮುಂದೆ ಇಟ್ಟ, ಮುಖ ಕಾರಿನ ಕಡೆಗೆ ಮಾಡಿ.

"ಹೋಗೋದಾದ್ರೆ ಹೋಗು" ಎಂದ. "ಕಾಲು ನೋಯಿಸ್ಕೊಂಡು ಹೋಗ್ಬೇಡ. ಅಳತೆ ಮಾತ್ರ ಸರಿ ಇತ್ತು."

ಗ್ಲೆನಿಸ್ ಬೇಲಿಯ ಕಂಬ ಹಿಡಿದುಕೊಂಡಳು.

ಟೀಗನ್ ಅವನ ಭುಜದ ಮೇಲೆ ಕೈ ಊರಿ ಒಂದೊಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡಳು. ಕಾರಿನ ಕಡೆ ನೋಡಿದಳು. ಆಮೇಲೆ ಬಹಳ ಹೊತ್ತು ಅವನನ್ನೇ ನೋಡಿದಳು, ಹೊಸಬನೊಬ್ಬ ಮನೆ ಬಾಗಿಲಿಗೆ ಬಂದಂತೆ.

"ಒಂದು ಕೂದಲು ಅಂದ್ಯಲ್ಲ, ಯಾರ ಕೂದಲು? ನಿಂದಾ, ನಂದಾ?" ಎಂದು ಕೇಳಿದಳು.

ಅವನು ಯೋಚಿಸಿ, "ನಂದು. ನಂದು ಸಣ್ಣ" ಎಂದ.

ಇಬ್ಬರೂ ವಾದಿಸುತ್ತಲೇ ವಾಪಸು ಬಂದರು, ಅವಳು ಕುಂಟಿಕೊಂಡು. ಪಾತ್ರೆ ತೊಳೆಯುವಾಗಲೂ ವಾದ ನಿಲ್ಲಲಿಲ್ಲ. ಅವಳು ತೊಳೆದಳು, ಸೋತ ಕಡೆಯವನಲ್ಲದಿದ್ದರೂ ಅವನು ಒರೆಸಿದ, ನೊರೆ ಉಳಿದಿದೆ ಎಂದು ಎರಡು ತಟ್ಟೆ ಹಿಂದಕ್ಕೂ ಕೊಟ್ಟ.

ಮನೆಗೆ ಬಂದ ಮೇಲೆ ಟೀಗನ್ ಸೋಫಾದಲ್ಲಿ ಕೂತು ಅಂಗಾಲನ್ನು ತಾಯಿಯ ಮಡಿಲಿಗೆ ಚಾಚಿದಳು. ಗ್ಲೆನಿಸ್ ಕನ್ನಡಕ ಹಾಕಿಕೊಂಡು ಚಿಮಟದಿಂದ ಮುಳ್ಳು ತೆಗೆಯತೊಡಗಿದಳು. ಬಿಡುವ ಮಾತು ಹೇಳಿದೆಯಾ ಎಂದು ಅವಳು ಕೇಳಲಿಲ್ಲ.

"ನಾಳೆ ಸಿನಿಮಾಗೆ ಅವನೂ ಬರ್ತಾನೆ" ಎಂದಳು ಟೀಗನ್. ಇನ್ನೊಂದು ಕಾಲನ್ನೂ ಚಾಚಿ, "ಅಮ್ಮ, ಅವನಿಗೆ ಜಗಳ ಹೇಳಿಕೊಟ್ಟಿದ್ದು ನೀನಾ?" ಎಂದು ಕೇಳಿದಳು.

ಗ್ಲೆನಿಸ್ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಪಾವ್ಲೋವಾದ್ದು ನಂದು" ಎಂದಳು. "ಅಳತೇದು ಅವನದ್ದೇ. ಕಾಲು ಅಲ್ಲಾಡಿಸ್ಬೇಡ."