ಆರು ಅರಿಷಿಣದ ದಾರ

ಆ ವಿರುಪಣ್ಣನ ಕೊರಳಲ್ಲಿ ತೂಗುತ್ತಿದ್ದ ಸ್ಟಾಪ್‌ವಾಚ್ ನೆನಪಾದರೆ ಇವತ್ತಿಗೂ ನನಗೆ ಉಗಿಯಬೇಕೆನಿಸುತ್ತದೆ. ೧೯೮೪ರ ಮಾತು. ನಾನು ನೂರಸಾಬ, ಆಗ ಕೊಪ್ಪಳದಲ್ಲಿ ಮೋಟಾರು ರಿಪೇರಿ ಮಾಡಿಕೊಂಡಿದ್ದೆ. ಕರೆಂಟು ಉಳಿಸಬೇಕು, ರೈತರ ಪಂಪ್‌ಸೆಟ್ ಸುಧಾರಿಸಬೇಕು ಅಂತ ಒಂದು ಯೋಜನೆ ಬಂತು. ಬಾವಿಯೊಳಗೆ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದಲ್ಲ, ಪೈಪಿಗೇರಿದ ನೀರು ಕೆಳಗಿಳಿಯದ ಹಾಗೆ ಹಿಡಿಯುವುದು, ಅದು ಕೆಟ್ಟರೆ ಮೋಟಾರು ಕರೆಂಟು ತಿಂದು ಅರ್ಧ ನೀರು ಕೊಡುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಪುಕ್ಕಟೆ ಹಾಕಿಕೊಡಬೇಕು. ಅಳೆಯುವ ಸಾಹೇಬ ವಿರುಪಣ್ಣ, ಬಿಚ್ಚಿ ಜೋಡಿಸುವವನು ನಾನು.

ಮೊದಲು ಹಳೆ ವಾಲ್ವಿನಲ್ಲಿ ಡ್ರಮ್ಮು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ನೋಡುವುದು. ಆಮೇಲೆ ಅದನ್ನು ರೈತನ ಕಣ್ಣೆದುರೇ ಒಡೆಯುವುದು, ತಿರುಗಿ ಅದನ್ನೇ ಹಾಕಿಕೊಳ್ಳಬಾರದು ಅಂತ. ಆ ಸುತ್ತಿಗೆ ನನ್ನ ಕೈಯಲ್ಲಿ. ಹೊಸದನ್ನು ಇಳಿಸಿ, ಮತ್ತೆ ಡ್ರಮ್ಮು ತುಂಬಿಸಿ, ರೈತನನ್ನು ನಿಲ್ಲಿಸಿ ಫೋಟೊ. ಅದಾದ ಮೇಲೆ ವಿರುಪಣ್ಣ, "ಇದಕ್ಕ ಸರ್ಕಾರದ ಸಿಕ್ಕಾ ಹೊಡಸಬೇಕ್ರಿ, ಎಂಟ ದಿನಕ್ಕ ತಂದು ಹಾಕ್ತೀವಿ" ಅಂತ ಅದನ್ನು ಬಿಚ್ಚಿಸಿ ಜೀಪಿಗೆ ಹಾಕಿಸುತ್ತಿದ್ದ. ಮುಂದಿನ ಬಾವಿಗೂ ಅದೇ ವಾಲ್ವು. ಹೀಗೆ ಆರು ಬಾವಿ ಮುಗಿದವು. ಯಾರಿಗೂ ತಿರುಗಿ ತಂದು ಹಾಕಲಿಲ್ಲ. ಮೊದಲೆರಡು ಬಾವಿಯ ತನಕ ನಾನೂ ಅವನನ್ನು ನಂಬಿದ್ದೆ. ಉಳಿದ ನಾಲ್ಕಕ್ಕೆ ನನ್ನ ಹತ್ತಿರ ನೆಪವಿಲ್ಲ. ಸಾಹೇಬರ ಮುಂದೆ ನಾನ್ಯಾರು ಅಂದುಕೊಂಡು ನಟ್ಟು ಬಿಚ್ಚುವ ಪಾನಾ ತಿರುಗಿಸಿದೆ, ಅಷ್ಟೇ.

ಏಳನೆಯದು ಇರಕಲ್ಲಗಡದ ಹಂಪವ್ವನ ಬಾವಿ. ಒಂದೂವರೆ ಎಕರೆ ಉಳ್ಳಾಗಡ್ಡಿ, ಗಡ್ಡೆ ಕಟ್ಟುವ ಹೊತ್ತು. ನಾಲ್ಕು ದಿನ ನೀರು ತಪ್ಪಿದರೆ ಬೆಳೆ ಮುಗಿದ ಹಾಗೆ. ಅವಳ ವಾಲ್ವು ಸೋರುತ್ತಿದ್ದದ್ದು ನಿಜ. ಕರೆಂಟು ಬಂದಾಗಲೆಲ್ಲ ಪೈಪಿಗೆ ಹದಿನೈದು ಕೊಡ ನೀರು ಹೊಯ್ದರೆ ಮೋಟಾರು ನೀರು ಹಿಡಿಯುತ್ತಿತ್ತು. ಆದರೂ ಹಿಡಿಯುತ್ತಿತ್ತು. ಫುಟ್‌ವಾಲ್ವೇ ಇಲ್ಲದಿದ್ದರೆ ನೂರು ಕೊಡ ಹೊಯ್ದರೂ ಒಂದು ಹನಿ ಬರುವುದಿಲ್ಲ.

"ತೊಂಬತ್ನಾಕು ಸೆಕೆಂಡ" ಅಂತ ಬರೆದುಕೊಂಡು ವಿರುಪಣ್ಣ ನನಗೆ ಕಣ್ಸನ್ನೆ ಮಾಡಿದ. ಹಳೆಯದನ್ನು ಬಂಡೆಯ ಮೇಲಿಟ್ಟು ಮೂರು ಏಟು ಹಾಕಿದೆ. ಚೂರಾಯಿತು. "ಪೀಡಾ ಹೋತ ನೋಡು!" ಅಂತ ಹಂಪವ್ವ ನಕ್ಕಳು.

ಜೀಪಿನಿಂದ ಹೊಸದನ್ನು ತಂದೆ. ಹಂಪವ್ವ ಅರಿಷಿಣದ ದಾರ ಹಿಡಿದು ಬಂದಳು. ಹೊಸ ಯಂತ್ರ ಬಾವಿಗಿಳಿಯುವ ಮುಂಚೆ ಇಲ್ಲಿಯ ಹೆಣ್ಣುಮಕ್ಕಳು ಅದಕ್ಕೊಂದು ದಾರ ಕಟ್ಟುತ್ತಾರೆ. ಕಟ್ಟಲು ಬಗ್ಗಿದವಳು ಹಾಗೇ ನಿಂತಳು. ವಾಲ್ವಿನ ಕುತ್ತಿಗೆಯಲ್ಲಿ ಆಗಲೇ ದಾರಗಳಿದ್ದವು, ನೀರಲ್ಲಿ ನೆನೆದು ಬಣ್ಣ ಬಿಟ್ಟವು. ಯಾರೋ ಭಕ್ತಿಯಿಂದ ಕಟ್ಟಿದ್ದನ್ನು ಕೀಳಲು ನನಗೆ ಕೈ ಬಂದಿರಲಿಲ್ಲ. ವಿರುಪಣ್ಣ ಅದನ್ನು ಮುಟ್ಟುವವನೇ ಅಲ್ಲ. ಹಂಪವ್ವ ಬೆರಳಿಟ್ಟು ಎಣಿಸಿದಳು. ಆರು.

"ಇದು ಹೊಸಾದು ಅಂದ್ರೆಲ್ರಿ ಸಾಹೇಬ್ರ?"

"ಹೊಸಾದ ಐತಿ ಯವ್ವಾ. ಕಾರ್ಖಾನ್ಯಾಗ ಪೂಜಾ ಮಾಡಿ ಕಳಿಸ್ತಾರ."

ಹಿಂದಿನ ಬಾವಿಗಳಲ್ಲೂ ಇದೇ ಸುಳ್ಳು ಹೇಳಿದ್ದ, ಜನ ನಂಬಿದ್ದರು. ಹಂಪವ್ವ ನನ್ನ ಕಡೆ ತಿರುಗಿದಳು.

"ಕಾರ್ಖಾನ್ಯಾಗ ಆರ ಸಲ ಪೂಜಾ ಮಾಡ್ತಾರೇನು? ನೂರಸಾಬಣ್ಣ, ನೀ ಹೇಳು. ಇದು ಎಷ್ಟ ಬಾವಿ ನೋಡೇತಿ?"

ನಾನು ಬಗ್ಗಿ ಪಾನಾ ಒರೆಸಿದೆ. ಅವಳು ಬಂಡೆಯ ಮೇಲಿನ ಚೂರು ನೋಡಿದಳು, ಉಳ್ಳಾಗಡ್ಡಿಯ ಮಡಿ ನೋಡಿದಳು. ಕುಡಗೋಲಿನಿಂದ ಆ ಆರೂ ದಾರ ಕೊಯ್ದು ಸೆರಗಿನಲ್ಲಿ ಗಂಟು ಹಾಕಿಕೊಂಡು, ತನ್ನದನ್ನು ಕಟ್ಟಿ, "ಇಳಸು" ಅಂದಳು.

ಡ್ರಮ್ಮು ಐವತ್ತೇಳು ಸೆಕೆಂಡಿಗೆ ತುಂಬಿತು. ವಿರುಪಣ್ಣ ಫೋಟೊ ಹೊಡೆದ. ಹಂಪವ್ವ ನಗಲಿಲ್ಲ.

"ಹೂಂ, ಎತ್ತು" ಅಂದ ವಿರುಪಣ್ಣ ನನಗೆ.

"ಎತ್ತಂಗಿಲ್ರಿ ಸಾಹೇಬ್ರ" ಅಂದೆ.

"ಏನಂದಿ?"

"ಎತ್ತಂಗಿಲ್ಲ. ಕೆಲಸ ಬಿಡಸ್ರಿ, ಪೊಲೀಸ್ರಿಗೆ ಕೊಡ್ರಿ, ಇದು ಇಲ್ಲೇ ಇರತೈತಿ."

ವಿರುಪಣ್ಣ ಹಲ್ಲಿನ ಸಂದಿಯಿಂದ ಅಡಿಕೆ ಚೂರು ಕೆದಕಿ ಉಗಿದ.

"ಇರ್ಲಿ ಬಿಡೋ ಮಾರಾಯಾ. ಇಷ್ಟಕ್ಕ ಯಾಕ ರಂಪ? ಸೀಟಿನ ಕೆಳಗ ಇನ್ನೊಂದೈತಿ, ಅದನ್ನ ತಗೊ."

ಹೋಗಿ ಗೋಣಿಚೀಲ ಸರಿಸಿ ನೋಡಿದೆ. ಒಂದಲ್ಲ, ನಾಲ್ಕು ಹೊಸ ವಾಲ್ವು. ರೈತರಿಗೆ ಹಾಕಬೇಕಾದವನ್ನೇ ಗಂಗಾವತಿಯ ಅಂಗಡಿಯೊಂದಕ್ಕೆ ಮಾರಲು ಇಟ್ಟುಕೊಂಡಿದ್ದನಂತೆ, ನಾಚಿಕೆಯಿಲ್ಲದೆ ಅವನೇ ಹೇಳಿದ. ಅಂದರೆ ಮೂರನೆಯ ಬಾವಿಯಲ್ಲೇ ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಮಹಾ ಧೈರ್ಯ ಅಂದುಕೊಂಡದ್ದು ಅವನಿಗೆ ಆ ಅಡಿಕೆ ಚೂರಿನಷ್ಟೂ ಅಡ್ಡಿಯಾಗಲಿಲ್ಲ. ಅವನ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ನನ್ನ ಮೇಲೇ ಬಂತು.

ಹಂಪವ್ವ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ, ಆರು ದಾರಗಳನ್ನು ನನ್ನ ಅಂಗೈಗೆ ಹಾಕಿದಳು.

"ನನಗ ಇಳಿಸಿದಿ, ಛಲೋ ಆತು. ಇವನ್ನ ಕಟ್ಟಿದವರ ಮನಿಗೆ ಹೋಗಿ ಕೊಡು. ನಿಮ್ಮದನ್ನ ಒಡದಾಂವ ನಾನ ಅಂತ ನಿನ್ನ ಬಾಯಿಲೆ ಹೇಳಿ ಬಾ."

ಅವತ್ತು ನಾನು ಜೀಪು ಹತ್ತಲಿಲ್ಲ. ಕೊಪ್ಪಳಕ್ಕೆ ನಡೆದೇ ಬಂದೆ. ಆದರೆ ಆ ಆರು ಮನೆಗೂ ಹೋಗಲಿಲ್ಲ. ದಾರಗಳು ಇನ್ನೂ ನನ್ನ ಪಾನಾ ಡಬ್ಬಿಯಲ್ಲೇ ಇವೆ.