ಎತ್ತುಗಟ್ಟು ಕಣಿವೆಯ ಹಿಂದಿನ ಹಗ್ಗ

ನನಗೆ ಮರೆವು ಬಂದಿದೆ ಎಂದು ನಗುವವರು ಒಂದು ಸಲ ಆ ಕಣಿವೆ ಇಳಿದು ಬಂದು ಆಮೇಲೆ ನಗಲಿ. ನಿನ್ನೆ ಉಂಡ ಸಾರು ಯಾವುದೆಂದು ಮರೆತಿದ್ದೇನೆ, ನಿಜ. ಶಂಶುದ್ದೀನನ ಸಂಗತಿ ಮರೆತಿಲ್ಲ.

ಶಂಶುದ್ದೀನ್ ಪಿರಿಯಾಪಟ್ಟಣದ ಲಾರಿ ಡ್ರೈವರು. ಸಾಲಿಗ್ರಾಮದ ಕಡೆಯ ಭತ್ತದ ಹುಲ್ಲು ತುಂಬಿಕೊಂಡು, ಕೊಡಗು ದಾಟಿ, ಕೇರಳಕ್ಕೆ ಇಳಿಸುವುದು ಅವನ ಕಸುಬು. ಆ ಬೆಳಿಗ್ಗೆ ದಾರಿಯಲ್ಲಿರುವಾಗಲೇ ಕಣಿವೆಯ ಆಚೆ ಕೇರಳದ ಇರಿಟ್ಟಿಯಿಂದ ಅಳಿಯನ ಫೋನು ಬಂತು. ಮಗಳು ಅಲ್ಮಾಸ್‌ಗೆ ದಿನ ತುಂಬುವ ಮೊದಲೇ ಹೆರಿಗೆ ನೋವು, ಆಪರೇಷನ್ನಿಗೆ ರಕ್ತ ಬೇಕು, ಅಪರೂಪದ ಗುಂಪು, ಅದು ಇರುವುದು ಅಪ್ಪನ ಮೈಯಲ್ಲಿ.

ಮುಂದೆ ಎತ್ತುಗಟ್ಟು ಕಣಿವೆ. ಗಾಡಿಗಳ ಕಾಲದಲ್ಲಿ ಅಲ್ಲಿ ಇಳಿಯುವಾಗ ಗಾಡಿಯ ಹಿಂದಕ್ಕೂ ಒಂದು ಜೋಡಿ ಎತ್ತು ಕಟ್ಟುತ್ತಿದ್ದರು, ಗಾಡಿ ಜಾರದಂತೆ ಹಿಮ್ಮುಖವಾಗಿ ಜಗ್ಗಲು. ಜಗ್ಗಲಾರದವು ಗಾಡಿಯ ಜೊತೆಗೇ ಪ್ರಪಾತ ಸೇರಿದವು. ಹುಲ್ಲಿನ ಲಾರಿಯವರು ಇಂದಿಗೂ ನೆತ್ತಿಯಲ್ಲಿ ನಿಂತು, ಅವುಗಳಿಗೆಂದು ಒಂದು ಕಂತೆ ಇಟ್ಟು ಇಳಿಯುತ್ತಾರೆ.

ಶಂಶುದ್ದೀನ್ ನಿಲ್ಲಿಸಲಿಲ್ಲ.

“ಕಂತೆ, ಭಾಯ್,” ಎಂದ ಪಕ್ಕದಲ್ಲಿದ್ದ ಲೋಡರ್ ಕಾಂತರಾಜು.

“ಬರುವಾಗ ಎರಡು ಹಾಕ್ತೀನಿ, ಬುಡ್ಲಾ.”

“ಬರುವಾಗ ಗಾಡಿ ಖಾಲಿ ಕಣ್ರೀ. ಸೀಟಿನ ಸ್ಪಂಜು ಕಿತ್ತು ಆಕ್ತೀರಾ?”

ಮೊದಲ ತಿರುವಿನಲ್ಲಿ ಮಂಜು ಕವಿಯಿತು. ಮುಂದಿನದರಲ್ಲಿ ಲಾರಿ ನಿಂತೇಬಿಟ್ಟಿತು. ಕಡಿದಾದ ಇಳಿಜಾರು, ಇಂಜಿನ್ ಓಡುತ್ತಿದೆ, ಬ್ರೇಕಿನ ಮೇಲೆ ಕಾಲಿಲ್ಲ. ಚಕ್ರ ಮಾತ್ರ ಉರುಳದು. ಹಿಂದಿನಿಂದ ಉಸಿರು ಕೇಳಿಸಿತು, ಭಾರ ಎಳೆಯುವ ದನದ ದಪ್ಪ ಉಸಿರು.

ಕಾಂತರಾಜು ಕನ್ನಡಿಯಿಂದ ಮುಖ ತಿರುಗಿಸಿದ. “ನಾವು ಬೀಳಬಾರ್ದು ಅಂತ ಇಡ್ಕೊಂಡವೆ ಕಣ್ರೀ.”

“ಇಡ್ಕೊಂಡ್ರೆ ಅಲ್ಲಿ ನನ್ ಮಗ್ಳು ಓಯ್ತಾಳೆ ಕಣ್ಲಾ.”

ಅವನು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಲೋಡಿನಿಂದ ಒಂದು ಕಂತೆ ಕಿತ್ತುಕೊಂಡು ಹಿಂದಕ್ಕೆ ಹೋದ. ತಾನು ಕಟ್ಟಿರದ ಹಗ್ಗವೊಂದು ಲಾರಿಯಿಂದ ಬಿಗಿಯಾಗಿ ಮಂಜಿನೊಳಗೆ ಹೋಗಿತ್ತು. ಅದನ್ನೇ ಹಿಡಿದು ನಡೆದ. ತುದಿ ಸಿಗುವ ಮೊದಲು ಮುಖಕ್ಕೆ ಬಿಸಿ ಗಾಳಿ ತಾಗಿತು.

“ತಪ್ಪಾಯ್ತು. ತಿನ್ರಪ್ಪಾ, ನನ್ನ ಬುಡಿ,” ಎಂದು ಕಂತೆಯನ್ನು ಕೆಳಗಿಟ್ಟ.

ನಿಧಾನವಾಗಿ ಹುಲ್ಲು ಅಗಿಯುವ ಸದ್ದು. ಹಗ್ಗ ಸಡಿಲಾಯಿತು. ಆಮೇಲೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ಅವನು ಹೊತ್ತಿಗೆ ಸರಿಯಾಗಿ ಮುಟ್ಟಿದ, ರಕ್ತ ಕೊಟ್ಟ, ಅಲ್ಮಾಸ್ ಉಳಿದಳು, ಮಗುವೂ ಉಳಿಯಿತು. ಸೂಜಿ ಚುಚ್ಚಿದ ನರ್ಸಮ್ಮ ಅವನ ಅಂಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೀರು ನೋಡಿ, ಮನೆಯಲ್ಲಿ ಎತ್ತು ಇವೆಯೇ ಎಂದು ಕೇಳಿದಳಂತೆ.

ಹುಲ್ಲಿನ ಲಾರಿ ಓಡಿಸುವವರು ನಿಮ್ಮ ಕಡೆ ಇದ್ದರೆ ಇದನ್ನು ಅವರಿಗೆ ಕಳಿಸಿ. ಕಂತೆ ಇಡುವುದು ಇಳಿಯುವ ಮೊದಲು, ಬರುವಾಗ ಅಲ್ಲ ಎಂದು ಹೇಳಿ.